ಸೀರೆಯನ್ನೂ ಚೆಕಿಂಗ್ ಟೇಬಲ್ಲಿಗೆ ಹಾಕಿ

ಪೀಣ್ಯ, ಲಗ್ಗೆರೆ, ರಾಜಗೋಪಾಲನಗರದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಿರುವ, ಈ ಸಲ ಮದುವೆ ಗೊತ್ತಾಗಿರುವ ತಂಗಿಯರಿಗೆ,

ಹೋದ ಭಾನುವಾರ ನಿಮ್ಮಲ್ಲೊಬ್ಬಳು ಬ್ಲೌಸ್ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದಳು. ಕವರಿನಿಂದ ಸೀರೆ ತೆಗೆಯುವಾಗ ಬಿಲ್ಲು ಕೆಳಗೆ ಬಿತ್ತು. ಎತ್ತಿಕೊಡುವಾಗ ಬೇಡವೆಂದರೂ ಕಣ್ಣಿಗೆ ಬಿತ್ತು: 23,500. ಸೀರೆ ನೋಡಲು ಚೆನ್ನಾಗಿತ್ತು. ರಾಣಿ ಬಣ್ಣ, ಗೇಣಗಲದ ಅಂಚು, ಸೆರಗಿನ ತುಂಬ ನವಿಲು. ನನಗೆ ಹಾಳು ಅಭ್ಯಾಸ, ಸುಮ್ಮನಿರಲಾಗಲಿಲ್ಲ. ಸೆರಗಿನ ಕೊನೆಯಿಂದ ಒಂದೆಳೆ ಎಳೆದು ಬೆಂಕಿಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ ಬರಲಿಲ್ಲ. ಎಳೆ ಮುದುರಿತು, ಕರಗಿತು, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಉಂಡೆಯಾಗಿ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ಸೀರೆ ನೋಡುತ್ತಾ ಕೂತೆ. ಅದೇನೆಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ದಿನಕ್ಕೆ ಎಂಟು ಗಂಟೆ ಪಾಲಿಯೆಸ್ಟರ್ ಮುಟ್ಟುವ ಕೈ ಅವಳದು.

ಮೋಸಹೋದಳಲ್ಲ ಎಂದು ನನಗೆ ಅಷ್ಟು ಬೇಜಾರಾಗಲಿಲ್ಲ, ಎಲ್ಲರೂ ಹೋಗುತ್ತೇವೆ. ಅವಳು ಚೆಕರ್. ಕಾಲರಿನ ಒಳಮಗ್ಗುಲಲ್ಲಿ ಒಂದು ಹೊಲಿಗೆ ತಪ್ಪಿದ್ದರೆ ಬಾಣದ ಸ್ಟಿಕ್ಕರ್ ಅಂಟಿಸಿ ಆಲ್ಟ್ರೇಷನ್ನಿಗೆ ಹಿಂದಕ್ಕೆಸೆಯುವವಳು. ಯಾವುದೋ ದೇಶದಲ್ಲಿ ಯಾರೋ ಹಾಕಿಕೊಳ್ಳುವ ಅಂಗಿಗೆ ಅಷ್ಟು ಹುಷಾರಾದ ಕಣ್ಣು ಅವಳದೇ ಧಾರೆ ಸೀರೆಯ ಮುಂದೆ ಯಾಕೆ ಕೆಲಸ ಮಾಡಲಿಲ್ಲ? ಕೇಳಿದೆ. "ಎಲ್ರೂ ಬಂದಿದ್ರಕ್ಕ, ನೋಡೋಕೇ ಬಿಡ್ಲಿಲ್ಲ" ಅಂದಳು. ಹನ್ನೊಂದು ಜನ ಹೋಗಿದ್ದರಂತೆ. ಈ ಪತ್ರ ಹುಟ್ಟಿದ್ದು ಆ ಹನ್ನೊಂದು ಜನರಿಂದ.

ನನ್ನ ಗುರುತು ಸಿಗದವರಿಗೆ ಎರಡು ಮಾತು. 1999ರಲ್ಲಿ ಕುಣಿಗಲ್ ಕಡೆಯಿಂದ ಬಂದು ಹೆಲ್ಪರ್ ಆಗಿ ಸೇರಿದವಳು. ದಾರ ಕತ್ತರಿಸುವ ಕೆಲಸದಿಂದ ಶುರುವಾಗಿ ಕಫ್, ಕಾಲರ್, ಕೊನೆಗೆ ಬ್ಯಾಚ್ ಸೂಪರ್‌ವೈಸರ್ ತನಕ ಹತ್ತೊಂಬತ್ತು ವರ್ಷ ಸವೆಸಿದೆ. ಈಗ ಲಗ್ಗೆರೆಯಲ್ಲಿ ಎರಡು ಮಿಷನ್ನು, ಒಂದು ಓವರ್‌ಲಾಕ್ ಇಟ್ಟುಕೊಂಡು ಕೂತಿದ್ದೇನೆ. ವರ್ಷಕ್ಕೆ ನಲವತ್ತು ಐವತ್ತು ಮದುಮಗಳ ಬ್ಲೌಸ್ ನನ್ನ ಕೈಯಲ್ಲಿ ಹಾದುಹೋಗುತ್ತವೆ, ಅದರ ಜೊತೆಗೆ ಅವರ ಸಾಲದ ಕಥೆಗಳೂ.

ಮೊದಲು ದುಡ್ಡು ಎಲ್ಲಿಂದ ಬರುತ್ತಿದೆ ಅನ್ನುವುದು. ನಮ್ಮ ಮದುವೆಗಳು ನಡೆಯುವುದು ಪಿ.ಎಫ್. ಮೇಲೆ. 2016ರ ಏಪ್ರಿಲ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಚಿಕ್ಕವರಿಗೆ ಇರಲಿಕ್ಕಿಲ್ಲ. ಮಾಲೀಕರ ಪಾಲಿನ ಪಿ.ಎಫ್. ಅನ್ನು 58 ವರ್ಷವಾಗುವ ತನಕ ಮುಟ್ಟುವ ಹಾಗಿಲ್ಲ ಎಂದು ಕೇಂದ್ರ ಆದೇಶ ತಂದಾಗ ಮಿಷನ್ ಬಿಟ್ಟು ಬೀದಿಗೆ ಬಂದವರು ನಾವು. ಹೊಸೂರು ರಸ್ತೆ, ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸ್, ಎರಡು ದಿನ ಬೆಂಗಳೂರು ನಿಂತುಹೋಯಿತು. ಲಾಠಿ ಬಿತ್ತು, ಬಸ್ಸು ಉರಿದವು, 19ನೇ ತಾರೀಕು ಆದೇಶ ವಾಪಸಾಯಿತು. ಟೀವಿಯವರು "ಇವರಿಗೇನು ಅಷ್ಟು ಅರ್ಜೆಂಟು" ಎಂದು ಕೇಳುತ್ತಿದ್ದರು. ನನ್ನ ಪಕ್ಕ ನಿಂತಿದ್ದವಳ ತಂಗಿಯ ತಾಳಿ ಆ ದುಡ್ಡಿನಲ್ಲಿತ್ತು, ಅದು ಅರ್ಜೆಂಟು. ಅಷ್ಟು ಹೊಡೆದಾಡಿ ಉಳಿಸಿಕೊಂಡ ದುಡ್ಡನ್ನು ಚಿಕ್ಕಪೇಟೆಯ ಬಿಳಿ ಹಾಸಿಗೆಯ ಮೇಲೆ ಒಂದೇ ಮಧ್ಯಾಹ್ನ ಸುರಿದು ಬರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮದುವೆಗೆಂದು ಪಿ.ಎಫ್. ತೆಗೆಯಲು ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ನಮ್ಮಲ್ಲಿ ಅದೊಂದು ಚಾಳಿ: ನಾಲ್ಕೂವರೆ ವರ್ಷಕ್ಕೆ ಬಿಟ್ಟು, ದುಡ್ಡು ಎತ್ತಿಕೊಂಡು, ಪಕ್ಕದ ಫ್ಯಾಕ್ಟರಿಗೆ ಹೊಸದಾಗಿ ಸೇರುವುದು. ಐದು ವರ್ಷ ತುಂಬದಿದ್ದರೆ ಗ್ರ್ಯಾಚ್ಯುಟಿ ಹೋಯಿತು. ಮದುವೆಗೆಂದೇ ಕೆಲಸದಲ್ಲಿದ್ದುಕೊಂಡು ಮುಂಗಡ ಪಡೆಯಲು ಫಾರಂ 31 ಇದೆ. ನಿಮ್ಮದಕ್ಕೂ ಸಿಗುತ್ತದೆ, ಒಡಹುಟ್ಟಿದವರ ಮದುವೆಗೂ ಸಿಗುತ್ತದೆ. ನಮ್ಮ ಕಾಲದಲ್ಲಿ ಏಳು ವರ್ಷ ಸರ್ವಿಸ್ ಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಪಿ.ಎಫ್. ಮಂಡಳಿ ಅದನ್ನು 12 ತಿಂಗಳಿಗೆ ಇಳಿಸುವ ತೀರ್ಮಾನ ಮಾಡಿದೆ. ಎಚ್.ಆರ್. ಮೇಡಂ ಹತ್ತಿರ ಕೇಳಲು ಹೆದರಿಕೆಯಾದರೆ ಯೂನಿಯನ್ನಿನವರನ್ನು ಕೇಳಿ. ಮಹಿಳಾ ಸಂಘದ ಸಾಲ ಮಾತ್ರ ಬೇಡ. ವಾರದ ಕಂತು ಕಟ್ಟಲು ಹೊಸ ಮದುಮಗಳು ಗಂಡನ ಮನೆಯಲ್ಲಿ ಮೊದಲ ವಾರವೇ ಕೈಚಾಚುವುದನ್ನು ನೋಡಿದ್ದೇನೆ.

ಈಗ ಆ ಹನ್ನೊಂದು ಜನ.

ಜವಳಿ ತೆಗೆಯುವುದು ನಮ್ಮಲ್ಲಿ ಒಂದು ಶಾಸ್ತ್ರ. ಎರಡೂ ಕಡೆಯವರು ಬರಬೇಕು, ಸೋದರತ್ತೆ ಇರಬೇಕು, ಹಿರೀ ಸೊಸೆ ಇರಬೇಕು, ಕರೆಯದಿದ್ದರೆ ಚಿಕ್ಕಪ್ಪನಿಗೆ ಕೋಪ. ಇರಲಿ, ಅದನ್ನು ಬಿಡಿ ಎನ್ನುವಷ್ಟು ಧೈರ್ಯ ನನಗೂ ಇಲ್ಲ. ಆದರೆ ಅಂಗಡಿಯಲ್ಲಿ ನಡೆಯುವುದೇನೆಂದು ಗಮನಿಸಿದ್ದೀರಾ? ಹತ್ತು ಸಾವಿರದ ಸೀರೆ ಮುಂದಿರುವಾಗ ಬೀಗಿತ್ತಿ ಸುಮ್ಮನೆ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ. ಆ ಸರಿಸುವಿಕೆಗೆ ಐದು ಸಾವಿರ ಬೆಲೆ. ನಿಮ್ಮಮ್ಮ ಮರ್ಯಾದೆಗೆ ಅಂಜಿ "ಇನ್ನೂ ಮೇಲಿಂದು ತೋರ್ಸಪ್ಪ" ಅನ್ನುತ್ತಾಳೆ. ಸೇಲ್ಸಿನ ಹುಡುಗ ಇಂಥದ್ದನ್ನು ದಿನಕ್ಕೆ ಹತ್ತು ನೋಡುತ್ತಾನೆ. ಅವನು ಮಾತಾಡುವುದು ನಿಮ್ಮ ಜೊತೆಯಲ್ಲ, ಆ ಇಬ್ಬರು ಹೆಂಗಸರ ನಡುವಿನ ಮೌನದ ಜೊತೆ.

ಆದ್ದರಿಂದ ಎರಡು ಸಲ ಹೋಗಿ. ಮೊದಲ ಸಲ ನೀವು ಮತ್ತು ಬಟ್ಟೆ ಗೊತ್ತಿರುವ ಒಬ್ಬ ಗೆಳತಿ, ನಮ್ಮ ಪೈಕಿ ಅಂಥವರಿಗೆ ಬರವಿಲ್ಲ. ವಾರದ ಮಧ್ಯೆ ಒಂದು ರಜೆ ಹಾಕಿ, ಪೀಣ್ಯ ಇಂಡಸ್ಟ್ರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ನೇರ ಚಿಕ್ಕಪೇಟೆ. ನಾಲ್ಕು ಅಂಗಡಿ ನೋಡಿ, ಎರಡರಲ್ಲಿ ಮೂರು ಮೂರು ಸೀರೆ ಆರಿಸಿ, ಬೆಲೆ ಮಾತಾಡಿ ಎತ್ತಿಡಲು ಹೇಳಿ. ಎರಡನೇ ಸಲ ಬೇಕಾದರೆ ಊರನ್ನೇ ಕರೆದುಕೊಂಡು ಹೋಗಿ. ಬೀಗಿತ್ತಿ ಎತ್ತಿಡಿಸಿದವುಗಳಲ್ಲೇ ಒಂದನ್ನು ಆರಿಸಲಿ. ಆರಿಸಿದವರು ತಾವೇ ಎಂಬ ಸಮಾಧಾನ ಅವರಿಗೆ, ದುಡ್ಡು ನಿಮಗೆ. ಇದು ಕಪಟವಲ್ಲವಾ ಎಂದು ನನ್ನ ಮಗಳು ಕೇಳಿದಳು. ಕಪಟವೇ.

ಅಂಗಡಿಯಲ್ಲಿ ನಿಮ್ಮ ಬಜೆಟ್ ಎಷ್ಟೆಂದು ಕೇಳುತ್ತಾರೆ. ಹತ್ತು ಅಂದರೆ ಹನ್ನೆರಡರಿಂದ ಶುರು. ಇದ್ದದ್ದರ ಅರ್ಧ ಹೇಳಿ. ಜ್ಯೂಸು, ಕಾಫಿ ಕೊಟ್ಟರೆ ಕುಡಿಯಿರಿ, ಋಣ ಅಂದುಕೊಳ್ಳಬೇಡಿ. ಅದು ಸೀರೆಯ ಬೆಲೆಯೊಳಗೇ ಇದೆ. ಒಳಗಿನ ದೀಪದಲ್ಲಿ ಎಲ್ಲ ಬಣ್ಣವೂ ಮದುವೆ ಬಣ್ಣ, ಸೀರೆ ಹಿಡಿದು ಬಾಗಿಲ ಬೆಳಕಿಗೆ ಬನ್ನಿ. ಆಮೇಲೆ ಚೆಕಿಂಗ್ ಟೇಬಲ್ಲಿನ ಮೇಲೆ ಮಾಡುವುದನ್ನೇ ಮಾಡಿ: ಪೂರ್ತಿ ಬಿಚ್ಚಿಸಿ, ಒಳಮುಖ ತಿರುಗಿಸಿ, ಜರಿಯ ಹಿಂದೆ ನೇತಾಡುವ ಎಳೆ ಎಷ್ಟು, ಮಡಿಕೆ ಬಿದ್ದಲ್ಲಿ ನೂಲು ಜರುಗಿದೆಯಾ, ಅಂಚು ಒಡಲಿಗೆ ಸೇರುವಲ್ಲಿ ಸುಕ್ಕು ಎಳೆಯುತ್ತಿದೆಯಾ, ಎಲ್ಲ ನೋಡಿ. ಮುಖ ಗಂಟುಹಾಕಿದರೆ ಹಾಕಲಿ, ನಮ್ಮ ಫ್ಲೋರ್ ಇನ್‌ಚಾರ್ಜಿಗಿಂತ ಕೆಟ್ಟ ಮುಖವೇನಲ್ಲ ಅವನದು.

ರೇಷ್ಮೆ ಅಂತ ದುಡ್ಡು ಕೊಟ್ಟರೆ ರೇಷ್ಮೆಯೇ ಬರಬೇಕು. ಸಿಲ್ಕ್ ಮಾರ್ಕ್ ಚೀಟಿ ಕೇಳಿ. ನಮ್ಮ ಬೆಂಗಳೂರಿನಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದದ್ದು, ಹೊಲೋಗ್ರಾಂ ಇರುತ್ತದೆ. ಆದರೆ ಅದು ನೂಲಿಗೆ ಮಾತ್ರ ಸಾಕ್ಷಿ, ಜರಿಗಲ್ಲ. ಜರಿಯಲ್ಲಿ ಬೆಳ್ಳಿ ಎಷ್ಟಿದೆ ಅನ್ನುವುದು ಬೇರೆಯೇ ಲೆಕ್ಕ. 1912ರಲ್ಲಿ ನಾಲ್ವಡಿಯವರು ಕಟ್ಟಿಸಿದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಮೇಲೆ ಶೇಕಡಾ 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಸಂಖ್ಯೆ. ಅದನ್ನು ಉಟ್ಟು ಹರಿದ ಮೇಲೂ "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಎಂಬ ಬೋರ್ಡಿನವರು ತೂಕಕ್ಕೆ ಹಾಕಿ ದುಡ್ಡು ಕೊಡುತ್ತಾರೆ. ಒಪ್ಪೋಣ, ಆದರೆ ಅದರಲ್ಲಿ ಸಾದಾ ಸೀರೆಯೇ ನಿಮ್ಮ ತಿಂಗಳ ಸಂಬಳ ದಾಟುತ್ತದೆ. ಸಾಧ್ಯವಾದರೆ ತೆಗೆದುಕೊಳ್ಳಿ. ಆಗದಿದ್ದರೆ ಅದರ ನಕಲಿಗೆ ಹೋಗಬೇಡಿ. ಟೆಸ್ಟೆಡ್ ಜರಿಯೊಳಗೆ ತಾಮ್ರವಿರುತ್ತದೆ, ಮೂರು ಮಳೆಗಾಲಕ್ಕೆ ಕಪ್ಪಾಗುತ್ತದೆ. ನನ್ನ ಧಾರೆ ಸೀರೆ ಹಾಗೇ ಆಯಿತು. ಈಗ ಅದು ಟ್ರಂಕಿನ ತಳದಲ್ಲಿ ಬೇರೆ ಸೀರೆಗಳಿಗೆ ಹಾಸಿಗೆ.

ನಮ್ಮ ಬ್ಯಾಚಿನಲ್ಲಿ ಹುನಗುಂದದ ಕಡೆಯ ಹುಡುಗಿ ಒಬ್ಬಳಿದ್ದಳು. ಅವಳು ಮದುವೆಯಾದದ್ದು ಇಳಕಲ್ ಸೀರೆಯಲ್ಲಿ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಟೋಪ್ ತೆನಿ, ಅಂಚಿಗೆ ಗೋಮಿ. ನಾವೆಲ್ಲ "ಮದುವೆಗೆ ಕಾಟನ್ನಾ" ಎಂದು ಮುಸಿಮುಸಿ ನಕ್ಕಿದ್ದೆವು. ಹದಿನಾಲ್ಕು ವರ್ಷವಾದ ಮೇಲೂ ಆಯುಧಪೂಜೆಗೆ ಅದನ್ನೇ ಉಟ್ಟು ಮಿಷನ್ನಿಗೆ ಕುಂಕುಮ ಹಚ್ಚುತ್ತಿದ್ದಳು, ದಾಳಿಂಬೆ ಬಣ್ಣ ಇಷ್ಟೂ ಮಾಸಿರಲಿಲ್ಲ. ನಮ್ಮ ನಗು ಅಷ್ಟು ಬಾಳಿಕೆ ಬರಲಿಲ್ಲ. ಕೈಮಗ್ಗದ ಇಳಕಲ್ಲಿಗೆ ಗುರುತು ನಿಮ್ಮಂಥವರಿಗೆ ಸುಲಭ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಕೊಂಡಿ ಸೇರಿಸುತ್ತಾರೆ. ಸೆರಗು ಶುರುವಾಗುವ ಗೆರೆಯನ್ನು ತಿರುಗಿಸಿ ನೋಡಿದರೆ ಕೊಂಡಿಗಳ ಸಾಲು ಕೈಗೆ ಸಿಗುತ್ತದೆ. ಪವರ್‌ಲೂಮಿನ ನಕಲಿನಲ್ಲಿ ಅದಿರುವುದಿಲ್ಲ. ಹೊಲಿಗೆ ಕಂಡವರು ನೀವು, ನಿಮಗೆ ತಿಳಿಯದ ಜೋಡಣೆ ಯಾವುದಿದೆ.

ಇಳಕಲ್ ದೂರವಾದರೆ ದೊಡ್ಡಬಳ್ಳಾಪುರ ಇಲ್ಲೇ ಇದೆ. ಮನೆಮನೆಯಲ್ಲಿ ಮಗ್ಗ ಸದ್ದು ಮಾಡುವ ಊರು. ಅಲ್ಲಿ ಅಸಲಿ ರೇಷ್ಮೆಯೂ ಸಿಗುತ್ತದೆ, ಆರ್ಟ್ ಸಿಲ್ಕೂ ಸಿಗುತ್ತದೆ. ಕೇಳಿದರೆ ಇದು ಇಂಥದ್ದು ಎಂದು ನೇಯುವವರೇ ಹೇಳುತ್ತಾರೆ, ಚಿಕ್ಕಪೇಟೆಯ ಬಾಡಿಗೆ, ಏಸಿ, ಜ್ಯೂಸಿನ ಭಾರವೂ ಬೆಲೆಯ ಮೇಲೆ ಕೂರುವುದಿಲ್ಲ. ಆರ್ಟ್ ಸಿಲ್ಕ್ ಉಡುವುದು ಅವಮಾನವೇನಲ್ಲ ಮತ್ತೆ. ಎರಡೂವರೆ ಸಾವಿರದ ಆರ್ಟ್ ಸಿಲ್ಕನ್ನು ಎರಡೂವರೆ ಸಾವಿರ ಕೊಟ್ಟು ತಂದರೆ ನ್ಯಾಯ, ಇಪ್ಪತ್ಮೂರೂವರೆ ಕೊಟ್ಟರೆ ಹೊಟ್ಟೆಗೆ ಬೆಂಕಿ. ಚಿತ್ರದುರ್ಗದ ಕಡೆಯವರಿಗೆ ಮೊಳಕಾಲ್ಮುರು ಇದೆ. 2023ರ ಜೂನ್‌ನಿಂದ ಸರ್ಕಾರಿ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಲ್ಲವಲ್ಲ, ಆ ಉಪಕಾರವನ್ನು ಇಂಥದ್ದಕ್ಕೆ ಬಳಸಿಕೊಳ್ಳಿ. ಮದುವೆ ಶ್ರಾವಣಕ್ಕೋ ಕಾರ್ತಿಕಕ್ಕೋ ಇದ್ದರೆ ಆಷಾಢದಲ್ಲೇ ಸೀರೆ ತೆಗೆದುಬಿಡಿ. ಮದುವೆಯಿಲ್ಲದ ತಿಂಗಳು, ಅಂಗಡಿಯವರೇ ರಿಯಾಯಿತಿ ಬೋರ್ಡು ಹಾಕಿ ಕಾಯುತ್ತಿರುತ್ತಾರೆ. ಆಷಾಢದಲ್ಲಿ ಜವಳಿ ತೆಗೆಯಬಾರದು ಎನ್ನುವ ಅಜ್ಜಿಗೆ, ತೆಗೆದದ್ದು ಹಬ್ಬಕ್ಕೆ ಎನ್ನಿ.

ಬ್ಲೌಸಿನ ವಿಷಯ ಹೇಳಿದರೆ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡಂತೆ, ಆದರೂ ಹೇಳುತ್ತೇನೆ. ಈಗ ಸೀರೆಗಿಂತ ಬ್ಲೌಸಿಗೆ ಹೆಚ್ಚು ಖರ್ಚಾಗುವ ಕಾಲ. ಮೈತುಂಬ ಆರಿ ವರ್ಕು, ಮಣಿ, ಕನ್ನಡಿ, ಬೆನ್ನಿನ ಮೇಲೆ ಪಲ್ಲಕ್ಕಿ ಹೊತ್ತ ಮದುಮಗಳು. ಮುಂಭಾಗದಲ್ಲಿ ಮಾಡಿಸಿದ ವರ್ಕು ಯಾರಿಗೆ ಕಾಣುತ್ತದೆ? ಮೇಲೆ ಸೆರಗು, ಅದರ ಮೇಲೆ ಹಾರ, ಅದರ ಮೇಲೆ ಬಾಡಿಗೆ ಒಡವೆ. ಫೋಟೋದಲ್ಲಿ ಕಾಣುವುದು ತೋಳಿನ ಕೊನೆಯ ಐದಿಂಚು ಮಾತ್ರ. ಅಲ್ಲಿಗೆ ಮಾಡಿಸಿ, ಬೆನ್ನಿನ ಕುತ್ತಿಗೆಗೆ ಒಂದು ಗೆರೆ ಎಳೆಸಿ, ಸಾಕು. ಧಾರೆಗೊಂದು, ರಿಸೆಪ್ಷನ್ನಿಗೊಂದು, ಬೀಗರೂಟಕ್ಕೊಂದು ಅನ್ನುವ ಬದಲು ಮೂರು ಸೀರೆಗೂ ಹೊಂದುವ ಒಂದು ಹಸಿರು ಅಥವಾ ಕೆಂಪು ಬ್ಲೌಸು ವರ್ಕಿನದಿರಲಿ, ಉಳಿದವು ಸಾದಾ. ಮತ್ತೆ ನನ್ನಂಥ ಟೈಲರ್ ಯಾರೇ ಆಗಲಿ, ಎರಡೂ ಬದಿಗೆ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ. ಮದುವೆಯ ದಿನದ ಅಳತೆ ಮಗುವಾದ ಮೇಲೆ ಇರುವುದಿಲ್ಲ. ಮಾರ್ಜಿನ್ ಕತ್ತರಿಸಿ ಬಿಸಾಡಿದ ಬ್ಲೌಸು ಎರಡನೇ ವರ್ಷ ಒರೆಸುವ ಬಟ್ಟೆ. ಕುಚ್ಚು ನೀವೇ ಹಾಕಿಕೊಳ್ಳಿ, ಎರಡು ರಾತ್ರಿ ಕೆಲಸ.

ಗಂಡಿನ ಬಟ್ಟೆ ಬಗ್ಗೆ ಹೆಚ್ಚೇನಿಲ್ಲ. ಧಾರೆಗೆ ಪಂಚೆ, ಶಲ್ಯ, ಬಿಳಿ ಅಂಗಿ. ಐವತ್ತೆಂಟು ಇಂಚು ಅಗಲದ ಬಟ್ಟೆ ಒಂದೂಮುಕ್ಕಾಲು ಮೀಟರ್ ತಂದರೆ ತುಂಬುತೋಳಿನ ಅಂಗಿಯಾಗುತ್ತದೆ. ಸಾವಿರಾರು ಕಾಲರ್ ಕೂರಿಸಿದವರು ನೀವು, ನಿಮ್ಮ ಗಂಡನಾಗುವವನಿಗೆ ಒಂದು ಕೂರಿಸಲು ಕಷ್ಟವಾ? ಅವನಿಗದು ಹೇಳಿಕೊಳ್ಳುವ ಮಾತೂ ಆಯಿತು. ಕೋಟು ಮಾತ್ರ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ರಿಸೆಪ್ಷನ್ನಿನ ಮೂರು ಗಂಟೆ ಹಾಕಿ ಬಿಚ್ಚಿಟ್ಟ ಕೋಟು ಮತ್ತೆ ಹೊರಬರುವುದು ತಮ್ಮನ ಮದುವೆಗೆ, ಅಷ್ಟರಲ್ಲಿ ಗುಂಡಿ ಸೇರುವುದಿಲ್ಲ. ಸಿದ್ಧ ಉಡುಪು 2,500 ದಾಟಿದರೆ 2025ರ ಸೆಪ್ಟೆಂಬರ್‌ನಿಂದ ತೆರಿಗೆಯೇ ಶೇಕಡಾ 18. ಬಾಡಿಗೆ ಕೋಟಿನ ಕಂಕುಳು ಮತ್ತು ಒಳಲೈನಿಂಗ್ ನೋಡಿ ತನ್ನಿ, ತೋಳು ಉದ್ದವಾದರೆ ಅಂಗಡಿಯವರನ್ನು ಕೇಳಿ ಒಳಗೆ ಮಡಿಸಿ ಕೈಹೊಲಿಗೆ ಹಾಕಿಕೊಳ್ಳಿ. ಲೆಹೆಂಗಾಕ್ಕೂ ಇದೇ ಮಾತು.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು ಉಡುಗೊರೆ ಸೀರೆ. ಅತ್ತೆಗೆ, ನಾದಿನಿಗೆ, ದೊಡ್ಡಮ್ಮನಿಗೆ, ಕಳಸ ಹಿಡಿದವಳಿಗೆ, ಹೀಗೆ ಇಪ್ಪತ್ತೈದು ಸೀರೆ, ಒಂದಕ್ಕೆ ಆರುನೂರು ಅಂದರೆ ಹದಿನೈದು ಸಾವಿರ. ನಿಮ್ಮ ಒಂದು ತಿಂಗಳ ದುಡಿಮೆ ಮೀರಿತು. ಅದನ್ನು ಯಾರೂ ಉಡುವುದಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ತಿರುಗುತ್ತಿರುತ್ತದೆ. ನನ್ನ ಮದುವೆಯಲ್ಲಿ ಕೊಟ್ಟ ಬೂದುಬಣ್ಣದ ಸೀರೆ ಆರು ವರ್ಷದ ಮೇಲೆ ನನ್ನ ಮಗನ ನಾಮಕರಣಕ್ಕೆ ವಾಪಸು ಬಂತು, ಅದೇ ಮಡಿಕೆ, ಅದೇ ಕವರು. ತೀರಾ ಹತ್ತಿರದ ನಾಲ್ಕು ಜನಕ್ಕೆ ಉಡುವಂಥದ್ದು ಕೊಡಿ, ಉಳಿದವರಿಗೆ ಬ್ಲೌಸ್ ಪೀಸು, ತೆಂಗಿನಕಾಯಿ. ಮುಯ್ಯಿ ಪುಸ್ತಕದಲ್ಲಿ ಅದಕ್ಕೇನೂ ಕಾಲಂ ಇಲ್ಲ.

ಈಗ ಚಿನ್ನ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

2004ರಲ್ಲಿ ನನ್ನ ಮದುವೆಗೆ ನಾಲ್ಕು ಗ್ರಾಮಿನ ಒಂದು ಉಂಗುರ ತೆಗೆದೆವು, ನಡುವೆ ಕೆಂಪು ಹರಳು. ಊರ ಕಡೆಯ ಪೇಟೆಯ ಒಂದು ಅಂಗಡಿ, ಹೆಸರು ಬೇಡ. ಗ್ರಾಮಿಗೆ ಐನೂರು ಚಿಲ್ಲರೆ ಇದ್ದ ಕಾಲ, ಆದರೂ ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. "ಕೆ.ಡಿ.ಎಂ. ಚಿನ್ನ ಕಣಮ್ಮ, 916" ಎಂದು ಹೇಳಿ ಚೀಟಿಯಲ್ಲಿ ಬರೆದುಕೊಟ್ಟರು. ಆಗ ಅದೊಂದು ಮಂತ್ರವಾಗಿತ್ತು. ಕೆ.ಡಿ.ಎಂ. ಅಂದರೆ ಬೆಸುಗೆಗೆ ಕ್ಯಾಡ್ಮಿಯಂ ಹಾಕಿದ್ದಾರೆ ಅಂತ ಅಷ್ಟೇ, ಶುದ್ಧತೆಗೆ ಅದು ಗ್ಯಾರಂಟಿಯಲ್ಲ ಎಂದು ಯಾರೂ ಹೇಳಲಿಲ್ಲ. 2012ರಲ್ಲಿ ಮಗನ ಆಸ್ಪತ್ರೆ ಖರ್ಚಿಗೆ ಅದನ್ನು ಗಿರವಿಗೆ ಒಯ್ದೆ. ಅವನು ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು, ಹರಳು ಕಳಚಿ ಬದಿಗಿಟ್ಟು ತೂಗಿದ. ಮೂರು ಗ್ರಾಂ ನಾನೂರು ಮಿಲಿ, ಅದೂ 18 ಕ್ಯಾರೆಟ್. ಆ ಕೆಂಪು ಗಾಜಿನ ಚೂರಿಗೆ ನಾನು ಎಂಟು ವರ್ಷದ ಹಿಂದೆ ಚಿನ್ನದ ಬೆಲೆ ಕೊಟ್ಟಿದ್ದೆ. ಅವನು ಅದನ್ನು ಕಾಗದದಲ್ಲಿ ಸುತ್ತಿ ಭದ್ರವಾಗಿ ನನ್ನ ಕೈಗೆ ಕೊಟ್ಟ.

ಅದಕ್ಕೇ ನನ್ನ ಮಾತು ಅಪಶಕುನವೆಂದರೂ ಸರಿ: ಒಡವೆ ಕೊಳ್ಳುವಾಗಲೇ ಅದನ್ನು ಅಡವಿಡುವ ದಿನವನ್ನು ನೆನೆದುಕೊಳ್ಳಿ. ಇದ್ದವರಿಗೆ ಚಿನ್ನ ಅಲಂಕಾರ. ನಮಗೆ ಅದು ಜ್ವರ, ಸ್ಕೂಲ್ ಫೀಜು, ಫ್ಯಾಕ್ಟರಿ ಮುಚ್ಚಿದ ತಿಂಗಳು. ಅವತ್ತು ಬೆಲೆಯಿರುವುದು ತೂಕಕ್ಕೆ ಮತ್ತು ಶುದ್ಧತೆಗೆ. ಕುಸುರಿಗೆ, ಹರಳಿಗೆ, ಡಿಸೈನಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 10,000 ಎಂದಿಟ್ಟುಕೊಳ್ಳಿ. ನಿಜವಾದ ರೇಟು ನೀವು ಇದನ್ನು ಓದುವ ದಿನ ಎಲ್ಲಿರುತ್ತದೋ. 2025ರ ಏಪ್ರಿಲ್‌ನಲ್ಲೇ ಅಪರಂಜಿ ಹತ್ತು ಗ್ರಾಮಿಗೆ ಒಂದು ಲಕ್ಷ ಮುಟ್ಟಿತ್ತು. ಮೂರು ಗ್ರಾಮಿನ ಉಂಗುರ, 30,000. ವೇಸ್ಟೇಜು, ಮೇಕಿಂಗು ಎಂದು ಶೇಕಡಾ 15 ಹಾಕಿದರೆ 4,500. ಮೇಲೆ ಶೇಕಡಾ 3 ಜಿ.ಎಸ್.ಟಿ., 1,035. ಹಾಲ್‌ಮಾರ್ಕಿಗೆ ಪೀಸಿಗೆ 45 ಮತ್ತು ಅದರ ತೆರಿಗೆ. ಹತ್ತಿರ ಹತ್ತಿರ 35,600 ಆಯಿತು. ಮಾರನೇ ದಿನ ವಾಪಸು ಕೊಟ್ಟರೆ ಮೂವತ್ತೂ ಬರುವುದಿಲ್ಲ. ಇದರಲ್ಲಿ ನಿಮ್ಮ ಕೈಯಲ್ಲಿರುವುದು ಆ ವೇಸ್ಟೇಜು ಒಂದೇ. ಬೋರ್ಡ್ ರೇಟ್ ಇಳಿಯುವುದಿಲ್ಲ, ತೆರಿಗೆ ಇಳಿಯುವುದಿಲ್ಲ. ಚೌಕಾಸಿ ಎಲ್ಲ ವೇಸ್ಟೇಜಿನ ಮೇಲೆ ಮಾಡಿ. ಸಾದಾ ಬಳೆಯಂಥ ಉಂಗುರಕ್ಕೆ ಅದು ಕಡಿಮೆ, ಕುಸುರಿಯದಕ್ಕೆ ಜಾಸ್ತಿ. ಸಾದಾ ಉಂಗುರಕ್ಕೆ ಇನ್ನೊಂದು ಗುಣವಿದೆ, ಬೆರಳು ದಪ್ಪವಾದರೆ ಹಿಗ್ಗಿಸಬಹುದು. ಅಳತೆಯನ್ನು ಬೆಳಿಗ್ಗೆ ಚಳಿಯಲ್ಲಿ ಕೊಡಬೇಡಿ, ಶಿಫ್ಟ್ ಮುಗಿಸಿ ಬೆರಳು ಊದಿಕೊಂಡಿರುವಾಗ ಕೊಡಿ.

2021ರ ಜೂನ್‌ನಿಂದ ಹಾಲ್‌ಮಾರ್ಕ್ ಕಡ್ಡಾಯ, 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕೆಯ ಎಚ್.ಯು.ಐ.ಡಿ. ಇಲ್ಲದೆ ಮಾರುವಂತಿಲ್ಲ. ಉಂಗುರದ ಒಳಮೈಯಲ್ಲಿ ಭೂತಗನ್ನಡಿ ಇಟ್ಟು ನೋಡಿ: ತ್ರಿಕೋನದ ಬಿ.ಐ.ಎಸ್. ಗುರುತು, 22ಕೆ916 ಎಂಬ ಶುದ್ಧತೆ, ಆ ಆರು ಅಕ್ಷರ. ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಅದನ್ನು ಒತ್ತಿದರೆ ಇದು ಯಾವ ಒಡವೆ, ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆಯಾದದ್ದು ಎಲ್ಲ ಬರುತ್ತದೆ. ಅಂಗಡಿಯಲ್ಲಿ ನಿಂತೇ ಒತ್ತಿ. ಪರೀಕ್ಷೆಯಲ್ಲಿ ಶುದ್ಧತೆ ಕಡಿಮೆ ಬಂದರೆ ಕೊರತೆಯ ಎರಡು ಪಟ್ಟು ಪರಿಹಾರ ಕೇಳುವ ಹಕ್ಕು ನಿಯಮದಲ್ಲೇ ಇದೆ.

ಆದರೆ ಬಡವರ ಕಾಲಿಗೆ ತೊಡರುವ ಒಂದು ಕಲ್ಲು ಇಲ್ಲೂ ಉಂಟು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟಿನ ಸಣ್ಣ ಅಂಗಡಿಗೂ ವಿನಾಯಿತಿ. ಅಂದರೆ ಊರ ಪೇಟೆಯ ಪುಟ್ಟ ಅಂಗಡಿಯಲ್ಲಿ ಒಂದೂವರೆ ಗ್ರಾಮಿನ ಉಂಗುರ ಕೊಳ್ಳುವವಳಿಗೆ ಕಾನೂನಿನ ನೆರಳಿಲ್ಲ. ಅಂಥವಳೇ ನಮ್ಮಲ್ಲಿ ಹೆಚ್ಚು. ಎರಡು ತೆಳ್ಳನೆಯ ಉಂಗುರದ ಬದಲು ಎರಡು ಗ್ರಾಂ ದಾಟಿದ ಒಂದು ಉಂಗುರ ತೆಗೆದುಕೊಳ್ಳಿ ಎನ್ನುವುದು ಅದಕ್ಕೆ. ಹರಳು ಬೇಕೇ ಬೇಕೆಂದರೆ ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಹರಳು ಕಳೆದ ತೂಕ ಬೇರೆ ಬರೆಸಿ.

ಅಮ್ಮನ ಹಳೇ ಓಲೆ, ಮುರಿದ ಉಂಗುರ ಇದ್ದರೆ ಅದೇ ನಿಮ್ಮ ಬಂಡವಾಳ. ನಗರ್ತಪೇಟೆಯ ಗಲ್ಲಿಗಳಲ್ಲಿ ಬಂಗಾಳದಿಂದ ಬಂದ ಕೆಲಸಗಾರರು ಕೂತು ಕರಗಿಸಿ ಮಾಡಿಕೊಡುತ್ತಾರೆ. ಕರಗಿಸುವಾಗ ಎದುರಿಗೇ ಕೂತಿರಿ, ಮೊದಲೂ ತೂಗಿಸಿ, ಆಮೇಲೂ ತೂಗಿಸಿ. ರಿಸೆಪ್ಷನ್ನಿನ ಮೆರುಗಿಗೆ ಒನ್ ಗ್ರಾಂ ಗೋಲ್ಡ್ ಸೆಟ್ಟು ಬಾಡಿಗೆಗೆ ಸಿಗುತ್ತದೆ. ಸ್ಟೇಜಿನ ಕೆಳಗೆ ಕೂತವರು ಒರೆಗಲ್ಲು ತಂದಿರುವುದಿಲ್ಲ.

ಉಂಗುರ ಬದಲಾಯಿಸುವುದೇ ಬೇಕಾ ಎಂದೂ ಒಮ್ಮೆ ಯೋಚಿಸಿ. ನನ್ನಜ್ಜಿಯ ಕಾಲಕ್ಕೆ ನಮ್ಮ ಮನೆಗಳಲ್ಲಿ ಅದಿರಲಿಲ್ಲ. ತಾಂಬೂಲ ಬದಲಾಯಿಸಿದರೆ ನಿಶ್ಚಯ ಮುಗಿಯಿತು. ಇದ್ದದ್ದು ಕಾಲುಂಗುರ, ಅದು ಬೆಳ್ಳಿಯದು. ಬಿಂದಿಗೆಯೊಳಗೆ ಕೈಹಾಕಿ ಹುಡುಕುವ ಉಂಗುರಕ್ಕೆ ಹಿತ್ತಾಳೆಯೂ ನಡೆಯುತ್ತದೆ, ನಗು ಅಷ್ಟೇ ಬರುತ್ತದೆ. ಇರುವ ದುಡ್ಡಿಗೆ ತಾಳಿ, ಗುಂಡು ಮೊದಲು. ಕೋವಿಡ್‌ಗೆ ಸ್ವಲ್ಪ ಮುಂಚೆ ಮುಜರಾಯಿ ಇಲಾಖೆ "ಸಪ್ತಪದಿ" ಸಾಮೂಹಿಕ ಮದುವೆ ಯೋಜನೆ ಪ್ರಕಟಿಸಿದಾಗ ವರನ ಅಂಗಿ-ಪಂಚೆ-ಶಲ್ಯಕ್ಕೆ 5,000, ವಧುವಿನ ಧಾರೆ ಸೀರೆ ಮತ್ತಿತರಕ್ಕೆ 10,000, ಎಂಟು ಗ್ರಾಂ ತಾಳಿ-ಗುಂಡಿಗೆ 40,000 ಎಂದು ಲೆಕ್ಕ ಹಾಕಿತ್ತು. ಅದೇ ಎಂಟು ಗ್ರಾಂ ಇವತ್ತು ಆ ದುಡ್ಡಿಗೆ ಕನಸು. ಬಟ್ಟೆಯ ಹದಿನೈದು ಸಾವಿರದ ಲೆಕ್ಕ ಮಾತ್ರ ಇವತ್ತಿಗೂ ತಪ್ಪಲ್ಲ, ನಾನು ಮಾಡಿ ನೋಡಿದ್ದೇನೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆಯುತ್ತಿದೆ, ಸೀರೆ, ಪಂಚೆ, ತಾಳಿ ಅವರೇ ಕೊಡುತ್ತಾರೆ. ನಮ್ಮ ಲೈನಿನ ಇಬ್ಬರು ಅಲ್ಲೇ ಮದುವೆಯಾಗಿ ಬಂದರು, ಮಾರನೇ ಸೋಮವಾರ ಡ್ಯೂಟಿಗೆ ಹಾಜರು, ತಲೆ ಮೇಲೆ ಸಾಲವಿಲ್ಲ.

ಹುಡುಗನ ಕಡೆಯವರು "ಹುಡುಗನಿಗೊಂದು ಉಂಗುರ, ಕತ್ತಿಗೊಂದು ಚೈನು, ಅಷ್ಟೇ, ಬೇರೇನೂ ಕೇಳ್ತಿಲ್ಲ" ಅಂದರೆ, ಅದೇ ಕೇಳಿದ್ದು. 1961ರ ಕಾಯ್ದೆಯಲ್ಲಿ ಅದಕ್ಕೆ ವರದಕ್ಷಿಣೆ ಎಂದು ಹೆಸರು. ಕೇಸು ಹಾಕಿ ಎಂದು ನಿಶ್ಚಯವಾದ ಹುಡುಗಿಗೆ ಹೇಳುವುದು ಸುಲಭವಲ್ಲ, ಗೊತ್ತು. ಆದರೆ ಜವಳಿಯ ದಿನ ಅವನು ಬಾಯಿ ಬಿಡುತ್ತಾನೋ, ಅಮ್ಮನ ಹಿಂದೆ ಮೊಬೈಲ್ ನೋಡುತ್ತಾ ನಿಲ್ಲುತ್ತಾನೋ, ಅದನ್ನೂ ಸೀರೆಯಷ್ಟೇ ತಿರುಗಿಸಿ ನೋಡಿ.

ಆ ಚೆಕರ್ ಹುಡುಗಿಯ ಸೀರೆ ಏನಾಯಿತೆಂದು ಕೇಳುತ್ತೀರಿ. ಸೋಮವಾರ ಬಿಲ್ಲು ಹಿಡಿದು ಇಬ್ಬರೂ ಹೋದೆವು. ಬಿಲ್ಲಿನಲ್ಲಿ "ಪ್ಯೂರ್ ಸಿಲ್ಕ್" ಎಂದು ಅವರೇ ಬರೆದಿದ್ದರು, ಅದು ನಮ್ಮನ್ನು ಉಳಿಸಿತು. ಎಳೆ ಸುಟ್ಟು ತೋರಿಸಿದ ಮೇಲೆ ಒಳಗೆ ಕರೆದು ಕೂರಿಸಿದರು, ಮತ್ತೆ ಜ್ಯೂಸು ಬಂತು. ದುಡ್ಡು ವಾಪಸು ಕೊಡಲಿಲ್ಲ, ಅದೇ ಬೆಲೆಗೆ ಸಿಲ್ಕ್ ಮಾರ್ಕ್ ಇರುವ ಒಂದು ಸೀರೆ, ಜೊತೆಗೆ ಅವರಮ್ಮನಿಗೊಂದು ಕೊಟ್ಟರು. ಬಣ್ಣ ಮಾವಿನ ಚಿಗುರು, ರಾಣಿ ಬಣ್ಣಕ್ಕಿಂತ ಅವಳಿಗೆ ಹೊಂದುತ್ತದೆ. ಬೀಗಿತ್ತಿಗೆ ಇನ್ನೂ ಹೇಳಿಲ್ಲವಂತೆ.

ಬ್ಲೌಸ್ ಹೊಲಿಸುವವರು ಮದುವೆಗೆ ಇಪ್ಪತ್ತು ದಿನ ಇರುವಾಗಲೇ ತನ್ನಿ, ಹಿಂದಿನ ದಿನ ಬಂದು ಅಳಬೇಡಿ. ಮಂಗಳವಾರ ಅಂಗಡಿ ಇಲ್ಲ. ಶಿಫ್ಟ್ ಮುಗಿಸಿ ಬರುವವರಿಗೆ ರಾತ್ರಿ ಒಂಬತ್ತರ ತನಕ ತೆರೆದಿರುತ್ತೇನೆ. ಅಳತೆ ಬ್ಲೌಸ್ ಮರೆಯಬೇಡಿ.

ನಿಮ್ಮ ಹಳೇ ಬ್ಯಾಚಿನ ಅಕ್ಕ,
ಲಗ್ಗೆರೆ